ಎಷ್ಟು ಬೆಳಕು ಸಾಕು?

ನಮ್ಮ ಸಂಘದ ಸಮಾರಂಭಗಳಲ್ಲಿ ವೈದ್ಯರನ್ನು ಕಂಡರೆ ಜನ ಸಾಮಾನ್ಯವಾಗಿ ಕೇಳುವುದು ಮೊಣಕಾಲಿನ ವಿಷಯ, ಇಲ್ಲವೇ ಕೊಲೆಸ್ಟರಾಲ್ ವಿಷಯ. ಹಲವು ವರ್ಷಗಳಿಂದ ಕಾರ್ಯಕ್ರಮಗಳ ಫೋಟೋ ತೆಗೆಯುವ ಕೆಲಸವೂ ನನ್ನ ಕೊರಳಿಗೇ ಬಿದ್ದಿರುವುದರಿಂದ ನನಗೆ ಮೂರನೆಯ ಬಗೆಯ ಪ್ರಶ್ನೆಯೂ ಬರುತ್ತದೆ. ಯುಗಾದಿ ಊಟದ ಸಾಲಿನಲ್ಲಿ ಕಿರಿಯ ಮಿತ್ರರೊಬ್ಬರು ಎರಡು ಕ್ಯಾಮೆರಾಗಳ ಹೆಸರು ಹೇಳಿ, "ಡಾಕ್ಟ್ರೇ, ಎರಡರಲ್ಲಿ ಯಾವುದು ಒಳ್ಳೇದು? ಒಂದೇ ಮಾತಲ್ಲಿ ಹೇಳಿಬಿಡಿ" ಎಂದರು. ಹಿಂದೆ ಇಪ್ಪತ್ತು ಜನ ತಟ್ಟೆ ಹಿಡಿದು ನಿಂತಿದ್ದರು. ಒಂದೇ ಮಾತಿನಲ್ಲಿ ಹೇಳುವ ವಿಷಯ ಇದಾಗಿರಲಿಲ್ಲ. ನಮ್ಮ ಸಂಪಾದಕರು ಪುಟ ತುಂಬಿಸಲು ಏನಾದರೂ ಕೊಡಿ ಎಂದು ಬಹಳ ದಿನದಿಂದ ಬೆನ್ನು ಹತ್ತಿದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಮೆರಾದಲ್ಲಿ ಆಸಕ್ತಿ ಇಲ್ಲದವರು ದಯವಿಟ್ಟು ಪುಟ ತಿರುವಬೇಡಿ. ಕ್ಯಾಮೆರಾ ಇಲ್ಲಿ ನೆಪ ಮಾತ್ರ. "ಇನ್ನೂ ಒಳ್ಳೆಯದು" ಸಿಗುವಾಗ "ಸಾಕಾದಷ್ಟು ಒಳ್ಳೆಯದು" ಎಂಬಲ್ಲಿಗೆ ನಿಲ್ಲುವುದು ಜಾಣತನವೋ, ಜಿಪುಣತನವೋ, ಇಲ್ಲ ಸೋಮಾರಿತನವೋ ಎಂಬುದು ನನ್ನ ಪ್ರಶ್ನೆ.

ಮೊದಲು ಆ ಎರಡು ಕ್ಯಾಮೆರಾಗಳನ್ನು ಪರಿಚಯಿಸಬೇಕು. ಎರಡೂ ಸೋನಿ ಕಂಪನಿಯವು, ಎರಡೂ 2023ರಲ್ಲಿ ಬಂದವು. ಒಂದು ಎ-6700, ಇನ್ನೊಂದು ಎ7ಸಿ-2. ಎರಡೂ ಮಿರರ್‌ಲೆಸ್, ಅಂದರೆ ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಟಪ್ ಎಂದು ಮೇಲೇಳುತ್ತಿದ್ದ ಕನ್ನಡಿ ಇವುಗಳಲ್ಲಿ ಇಲ್ಲ. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುತ್ತದೆ. ಬ್ಯಾಟರಿ ಸಮೇತ ತೂಗಿದರೆ ಮೊದಲನೆಯದು 493 ಗ್ರಾಂ, ಎರಡನೆಯದು 514 ಗ್ರಾಂ. ಇಪ್ಪತ್ತೊಂದು ಗ್ರಾಂ ವ್ಯತ್ಯಾಸ, ಒಂದು ಹಿಡಿ ಕಡಲೆಬೀಜದಷ್ಟು! ಆದರೆ ಬಿಡುಗಡೆಯಾದಾಗ ಬೆಲೆ ಒಂದಕ್ಕೆ ಸುಮಾರು 1,400 ಡಾಲರ್, ಇನ್ನೊಂದಕ್ಕೆ ಸುಮಾರು 2,200. ಈ ಎಂಟುನೂರು ಡಾಲರಿಗೆ ಮುಖ್ಯ ಕಾರಣ ಒಳಗಿರುವ ಸೆನ್ಸರ್, ಅಂದರೆ ಹಿಂದೆ ಫಿಲ್ಮ್ ಇರುತ್ತಿದ್ದ ಜಾಗದಲ್ಲಿ ಈಗ ಬೆಳಕನ್ನು ಹಿಡಿಯುವ ಸಿಲಿಕಾನ್ ಬಿಲ್ಲೆ. ಎ7ಸಿ-2ರಲ್ಲಿ ಅದು ಸುಮಾರು 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ. ಎ-6700ರಲ್ಲಿ ಸುಮಾರು 23.5ಕ್ಕೆ 15.6. ವಿಸ್ತೀರ್ಣ ಲೆಕ್ಕ ಹಾಕಿದರೆ ದೊಡ್ಡದು ಚಿಕ್ಕದರ 2.36 ಪಟ್ಟು.

ಇದರಿಂದ ಏನಾಗುತ್ತದೆ? ಮಲೆನಾಡಿನ ಮಳೆಯನ್ನು ನೆನಪಿಸಿಕೊಳ್ಳಿ. ಅಂಗಳದಲ್ಲಿ ಒಂದು ಚೊಂಬು, ಒಂದು ಬೋಗುಣಿ ಇಟ್ಟರೆ ಅಷ್ಟೇ ಹೊತ್ತಿನಲ್ಲಿ ಬೋಗುಣಿಗೆ ಹೆಚ್ಚು ಹನಿ ಬೀಳುತ್ತದೆ. ಬೆಳಕೂ ಹನಿಹನಿಯಾಗಿಯೇ ಬೀಳುತ್ತದೆ. ಅದರ ಹನಿಗೆ ಫೋಟಾನ್ ಎಂದು ಹೆಸರು. ಈ ಹನಿಗಳು ಲೆಕ್ಕವಿಟ್ಟು ಸಮನಾಗಿ ಬೀಳುವುದಿಲ್ಲ. ಸರಾಸರಿ ನೂರು ಬೀಳಬೇಕಾದಲ್ಲಿ ಸುಮಾರು ಹತ್ತರಷ್ಟು ಏರುಪೇರು ಇರುತ್ತದೆ, ಅಂದರೆ ಶೇಕಡಾ ಹತ್ತು. ಅದೇ 236 ಬೀಳುವಲ್ಲಿ ಏರುಪೇರು ಸುಮಾರು ಹದಿನೈದು, ಅಂದರೆ ಶೇಕಡಾ ಆರೂವರೆ. ಈ ಏರುಪೇರೇ ಕತ್ತಲೆ ಕೋಣೆಯಲ್ಲಿ ತೆಗೆದ ಚಿತ್ರದ ಮೇಲೆ ರವೆ ಚೆಲ್ಲಿದಂತೆ ಕಾಣುವುದು. ಹಾಡುಹಗಲಿನಲ್ಲಿ ಲಕ್ಷಾಂತರ ಹನಿ ಸುರಿಯುವಾಗ ಚೊಂಬೂ ತುಂಬುತ್ತದೆ, ಬೋಗುಣಿಯೂ ತುಂಬುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಬ್ಬಿನಲ್ಲಿ ತಿಳಿಯುತ್ತದೆ. ಆದ್ದರಿಂದ ದೊಡ್ಡ ಸೆನ್ಸರ್ ಮೇಲು ಎನ್ನುವುದು ಕಂಪನಿಯವರ ಬೂಟಾಟಿಕೆ ಖಂಡಿತ ಅಲ್ಲ, ಭೌತಶಾಸ್ತ್ರ. ಈ ಮಾತನ್ನು ಮೊದಲೇ ಒಪ್ಪಿಬಿಡಬೇಕು. ಇಲ್ಲದಿದ್ದರೆ ಮುಂದೆ ನಾನು ಹೇಳುವುದೆಲ್ಲ "ದ್ರಾಕ್ಷಿ ಹುಳಿ" ಎಂದ ನರಿಯ ಮಾತಾದೀತು.

ಒಪ್ಪದಿರುವುದು ಅದರ ಹೆಸರನ್ನು. 36ಕ್ಕೆ 24ರ ಅಳತೆಗೆ "ಫುಲ್ ಫ್ರೇಮ್" ಎನ್ನುತ್ತಾರೆ. ಚಿಕ್ಕದಕ್ಕೆ "ಕ್ರಾಪ್ ಸೆನ್ಸರ್" ಎಂಬ ಅಡ್ಡಹೆಸರು. (ನಮ್ಮ ಕಾಲದಲ್ಲಿ ಕ್ರಾಪು ಎಂದರೆ ತಿಂಗಳಿಗೊಮ್ಮೆ ಕ್ಷೌರದ ಅಂಗಡಿಯಲ್ಲಿ ಆಗುತ್ತಿದ್ದದ್ದು. ಒಟ್ಟಿನಲ್ಲಿ ಕತ್ತರಿ ಬಿದ್ದದ್ದು ಎಂದೇ ಅರ್ಥ.) ಒಂದಕ್ಕೆ "ಪೂರ್ಣ" ಎಂದು ಕರೆದ ಕೂಡಲೇ ಇನ್ನೊಂದು ತಾನಾಗಿಯೇ ಅಪೂರ್ಣವಾಗುತ್ತದೆ. ಅಪೂರ್ಣವಾದದ್ದನ್ನು ಮನೆಗೆ ತರಲು ಯಾರಿಗೆ ಮನಸ್ಸು ಬಂದೀತು?

ಆ ಪೂರ್ಣತ್ವದ ಹುಟ್ಟನ್ನು ಹುಡುಕಿಕೊಂಡು ಹೋದರೆ ಸ್ವಾರಸ್ಯವಾದ ಕಥೆ ಸಿಗುತ್ತದೆ. ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬಾರ್ನಾಕ್ ಎಂಬ ತಂತ್ರಜ್ಞನಿದ್ದ. ಅವನಿಗೆ ಫೋಟೋ ತೆಗೆಯುವ ಹುಚ್ಚು, ಜೊತೆಗೆ ಆಸ್ತಮಾ. ಆಗಿನ ಪ್ಲೇಟ್ ಕ್ಯಾಮೆರಾಗಳನ್ನೂ ಗಾಜಿನ ಪ್ಲೇಟುಗಳನ್ನೂ ಹೊತ್ತು ಗುಡ್ಡ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಹಾಗಾಗಿ ಸಿನಿಮಾಕ್ಕೆ ಬಳಸುತ್ತಿದ್ದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಡ್ಡ ಓಡಿಸಿ, ಸಿನಿಮಾದ 18ಕ್ಕೆ 24ರ ಚೌಕಟ್ಟನ್ನು ದುಪ್ಪಟ್ಟು ಮಾಡಿ, 24ಕ್ಕೆ 36ರ ಪುಟ್ಟ ಕ್ಯಾಮೆರಾ ಮಾಡಿಕೊಂಡ. ಅದರ ಮೊದಲ ಮಾದರಿ ತಯಾರಾದದ್ದು 1914ರ ಸುಮಾರಿಗೆ. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಜನರ ಮುಂದೆ ಬಂತು. ಪ್ಲೇಟ್ ಕ್ಯಾಮೆರಾಗಳ ಪಕ್ಕದಲ್ಲಿ ಅದು ಕುಬ್ಜ. ಆಗಿನವರು ಈ ಅಳತೆಯನ್ನು ಕರೆಯುತ್ತಿದ್ದದ್ದೇ "ಮಿನಿಯೇಚರ್" ಎಂದು. ಅಂದರೆ ಇಂದು ನಾವು "ಪೂರ್ಣ" ಎಂದು ಪೂಜಿಸುವ ಅಳತೆ, ಉಸಿರಾಟದ ತೊಂದರೆಯ ಒಬ್ಬ ಮನುಷ್ಯ "ನನಗೆ ಇಷ್ಟು ಸಾಕು" ಎಂದು ಇಳಿಸಿಕೊಂಡ ಹೊರೆ! ಚಿಕ್ಕ ಸೆನ್ಸರಿನ ಎಪಿಎಸ್-ಸಿ ಎಂಬ ಹೆಸರೂ 1996ರಲ್ಲಿ ಹುಟ್ಟಿ 2011ರಲ್ಲಿ ತಯಾರಿಕೆ ನಿಂತುಹೋದ ಒಂದು ಫಿಲ್ಮಿನಿಂದ ಬಂದದ್ದು. ಎರಡು ಅಳತೆಗಳಿಗೂ ಆಕಾಶದಿಂದ ಇಳಿದ ಅಧಿಕಾರವೇನೂ ಇಲ್ಲ.

ಈಗ ನನ್ನ ಕಸುಬಿನ ಕಡೆಗೆ ಬರುತ್ತೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ವೈದ್ಯಲೋಕ ಎದುರಿಸಿ ಒಂದು ಉತ್ತರ ಕಂಡುಕೊಂಡಿದೆ.

ಎಕ್ಸ್-ರೇ ಕೂಡ ಬೆಳಕಿನ ತಂಗಿಯೇ. ಅದೂ ಹನಿಹನಿಯಾಗಿ ಬೀಳುತ್ತದೆ. ಹನಿ ಕಡಿಮೆಯಾದರೆ ಸಿ.ಟಿ. ಸ್ಕ್ಯಾನ್ ಚಿತ್ರವೂ ರವೆ ರವೆಯಾಗುತ್ತದೆ. ಕ್ಯಾಮೆರಾದವರು ನಾಯ್ಸ್ ಎನ್ನುವುದನ್ನು ಎಕ್ಸ್-ರೇ ಚಿತ್ರದಲ್ಲಿ ಕಂಡಾಗ ನಮ್ಮ ರೇಡಿಯಾಲಜಿಯವರು ಕ್ವಾಂಟಮ್ ಮಾಟಲ್ ಎನ್ನುತ್ತಾರೆ. ಹಾಗಾದರೆ ವಿಕಿರಣದ ಪ್ರಮಾಣವನ್ನು ಏರಿಸಿ, ಕನ್ನಡಿಯಂಥ ಚಿತ್ರವನ್ನು ಪ್ರತಿ ಸಲವೂ ಏಕೆ ತೆಗೆಯಬಾರದು? ತೆಗೆಯಬಹುದು, ಯಂತ್ರಕ್ಕೆ ಆ ಶಕ್ತಿ ಇದೆ. ಆದರೆ ಚಿತ್ರ ನೋಡಿ ಸಂತೋಷಪಡುವವರು ನಾವು, ಅದಕ್ಕಾಗಿ ವಿಕಿರಣವನ್ನು ಮೈಯಲ್ಲಿ ಹೊರುವವರು ರೋಗಿ. ಇದು ಅರಿವಾದ ಮೇಲೆ ನಮ್ಮಲ್ಲಿ ಒಂದು ನಿಯಮ ಬಂತು, ಅದಕ್ಕೆ "ಅಲಾರಾ" ಎಂದು ಹೆಸರು. ಕೆಲಸ ಕೆಡದಂತೆ ಎಷ್ಟು ಕಡಿಮೆ ಮಾಡಲು ಸಾಧ್ಯವೋ ಅಷ್ಟು ಕಡಿಮೆ ಕೊಡು ಎಂಬುದು ಅದರ ತಾತ್ಪರ್ಯ. ಮಕ್ಕಳ ವಿಷಯದಲ್ಲಿ ಇದನ್ನೇ ಒತ್ತಿ ಹೇಳಲು 2008ರಲ್ಲಿ "ಇಮೇಜ್ ಜೆಂಟ್ಲಿ" ಎಂಬ ಅಭಿಯಾನ ಆರಂಭವಾಯಿತು. ಬಹಳ ವರ್ಷ ಸಿಗರೇಟು ಸೇದಿದವರಲ್ಲಿ ಶ್ವಾಸಕೋಶದ ಕ್ಯಾನ್ಸರನ್ನು ಬೇಗ ಪತ್ತೆ ಮಾಡಬಹುದೇ ಎಂದು ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರಲ್ಲಿ ಬಳಸಿದ್ದು ಕಡಿಮೆ ಪ್ರಮಾಣದ ಸಿ.ಟಿ., ಸರಾಸರಿ ಸುಮಾರು 1.5 ಮಿಲಿಸೀವರ್ಟ್. ಮಾಮೂಲಿ ಎದೆಯ ಸಿ.ಟಿ.ಗೆ ಇದರ ನಾಲ್ಕೈದು ಪಟ್ಟು ಬೇಕಾಗುತ್ತಿತ್ತು. ಚಿತ್ರ ರವೆಯಾಗಿಯೇ ಇರುತ್ತದೆ, ಅಂದ ಸಾಲದು. ಆದರೂ ಬರಿಯ ಎಕ್ಸ್-ರೇ ತೆಗೆಸಿಕೊಂಡವರಿಗೆ ಹೋಲಿಸಿದರೆ ಇವರಲ್ಲಿ ಆ ಕ್ಯಾನ್ಸರಿನ ಸಾವು ಶೇಕಡಾ 20ರಷ್ಟು ಕಡಿಮೆಯಾಯಿತು. ಹುಡುಕುತ್ತಿದ್ದ ಗಂಟು ಕಾಣುವಷ್ಟು ಬೆಳಕು ಇತ್ತು, ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ.

ನಾನು ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗ ನಮಗೆ ತಿದ್ದಿ ತೀಡಿ ಕಲಿಸಿದ ಪ್ರಶ್ನೆಯೂ ಇದರ ಬಂಧುವೇ: ಈ ಪರೀಕ್ಷೆಯ ಫಲಿತಾಂಶ ಏನೇ ಬಂದರೂ ನಿನ್ನ ಚಿಕಿತ್ಸೆ ಬದಲಾಗದಿದ್ದರೆ ಅದನ್ನು ಏಕೆ ಬರೆಯುತ್ತೀ? ಸೂಜಿ ಚುಚ್ಚಿಸಿಕೊಳ್ಳುವವನು ರೋಗಿ, ಬಿಲ್ಲು ಕಟ್ಟುವವನೂ ಅವನೇ.

"ಸಾಕಾದಷ್ಟು" ಎಂಬ ವಿಚಾರಕ್ಕೆ ಅರ್ಥಶಾಸ್ತ್ರದಲ್ಲೂ ಒಬ್ಬ ದೊಡ್ಡ ವಕೀಲರಿದ್ದಾರೆ. 1978ರಲ್ಲಿ ನೊಬೆಲ್ ಪಡೆದ ಹರ್ಬರ್ಟ್ ಸೈಮನ್ ಅವರು ಮನುಷ್ಯ ಎಲ್ಲ ಸಾಧ್ಯತೆಗಳನ್ನೂ ತೂಗಿ ಅತ್ಯುತ್ತಮವಾದದ್ದನ್ನು ಆರಿಸಲಾರ, ತನ್ನ ಬೇಕುಗಳಿಗೆ ಒಗ್ಗುವ ಮೊದಲನೆಯದು ಸಿಕ್ಕಾಗ ನಿಲ್ಲುತ್ತಾನೆ, ಅದೇ ವಿವೇಕ ಎಂದು ತೋರಿಸಿದರು. ಮಾತು ನಿಜ. ಆದರೆ ಅವರ "ಸಾಕು" ಆರಿಸುವವನ ತಲೆಯ ಮಿತಿಯಿಂದ ಬಂದದ್ದು. ವೈದ್ಯರ "ಸಾಕು" ಬೇರೆ ಕಡೆಯಿಂದ ಬಂದಿದೆ. ಉತ್ತಮವಾದದ್ದು ನನ್ನ ಕೈಗೆ ಎಟುಕುತ್ತದೆ, ಯಾವುದೆಂದು ನನಗೆ ಗೊತ್ತೂ ಇದೆ, ಆದರೆ ಅದರ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ. ಮೊದಲನೆಯದು ಜಾಣತನದ ಪ್ರಶ್ನೆ. ಎರಡನೆಯದನ್ನು ನಾನು ನೀತಿಯ ಪ್ರಶ್ನೆ ಎಂದು ಕರೆಯುತ್ತೇನೆ.

"ಸ್ವಾಮೀ, ಕ್ಯಾಮೆರಾದಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ, ದುಡ್ಡು ನನ್ನದು, ಕೊರಳು ನನ್ನದು, ಇದರಲ್ಲಿ ನೀತಿ ಎಲ್ಲಿಂದ ಬಂತು?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಂಟುನೂರು ಡಾಲರಿನ ಬಗ್ಗೆ ನನ್ನ ತಕರಾರಿಲ್ಲ, ಅದು ಅವರವರ ಸಂಸಾರದ ಲೆಕ್ಕ. ಆದರೆ ಇನ್ನೊಂದು ತೂಕ ಹಾಕಿ ನೋಡಿ. ಬರಿಯ ಕ್ಯಾಮೆರಾಗಳ ನಡುವೆ ಇಪ್ಪತ್ತೊಂದೇ ಗ್ರಾಂ ಅಂತರ ಎಂದೆ. ಬರಿಯ ಕ್ಯಾಮೆರಾದಿಂದ ಫೋಟೋ ಬರುವುದಿಲ್ಲವಲ್ಲ! ದೊಡ್ಡ ಸೆನ್ಸರಿಗೆ ಹೊಂದುವ ಸೋನಿಯ ಹೆಸರುವಾಸಿ 24-70 ಜೂಮ್ ಲೆನ್ಸ್ 695 ಗ್ರಾಂ. ಚಿಕ್ಕದಕ್ಕೆ ಹೆಚ್ಚುಕಡಿಮೆ ಅದೇ ನೋಟ ಕೊಡುವ ಸಿಗ್ಮಾದ 18-50 ಲೆನ್ಸ್ 290 ಗ್ರಾಂ. ಕೂಡಿಸಿದರೆ ಒಂದು ಜೋಡಿ 783 ಗ್ರಾಂ, ಇನ್ನೊಂದು ಜೋಡಿ 1,209. ಈ ಭಾರ ಕೊರಳಿಗೆ ಮಾತ್ರ ಬೀಳುವುದಿಲ್ಲ. ದೊಡ್ಡ ಗಾಜಿನ ಕಣ್ಣು ತಮ್ಮ ಕಡೆ ತಿರುಗಿದ ಕೂಡಲೇ ಜನ ಬೆನ್ನು ನೆಟ್ಟಗೆ ಮಾಡುತ್ತಾರೆ, ಸೆರಗು ಸರಿ ಮಾಡಿಕೊಳ್ಳುತ್ತಾರೆ, ನಗುತ್ತಿದ್ದ ಮಕ್ಕಳು ನಗುವವರಂತೆ ನಟಿಸತೊಡಗುತ್ತಾರೆ. ಇದು ಯಂತ್ರದ ಗಾತ್ರಕ್ಕೆ ಅವರು ಕಟ್ಟುವ ಸುಂಕ. ರಜಕ್ಕೆಂದು ಹೊರಟ ಸಂಸಾರದಲ್ಲಿ "ಒಂದೇ ನಿಮಿಷ, ಲೆನ್ಸ್ ಬದಲಾಯಿಸುತ್ತೇನೆ" ಎನ್ನುವ ಯಜಮಾನನ ಹಿಂದೆ ಹೆಂಡತಿ ಮಕ್ಕಳು ಬಿಸಿಲಲ್ಲಿ ಕಾಯುವ ದೃಶ್ಯವನ್ನು ನಯಾಗರಾಕ್ಕೆ ಹೋದವರೆಲ್ಲ ನೋಡಿರುತ್ತೀರಿ.

ನನ್ನ ತಾಯಿಗೆ ಈಗ ಎಂಬತ್ತೆರಡು. ತೀರ್ಥಹಳ್ಳಿಯ ಹತ್ತಿರ ನಮ್ಮ ಹಳೆಯ ಮನೆಯಲ್ಲಿ ತಮ್ಮನ ಜೊತೆ ಇದ್ದಾರೆ. ಅವರ ಮದುವೆಯ ಹೊಸತರಲ್ಲಿ, 1963ರಲ್ಲಿ, ಶಿವಮೊಗ್ಗದ ಸ್ಟುಡಿಯೋ ಒಂದರಲ್ಲಿ ತೆಗೆಸಿದ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಅದನ್ನು ತೆಗೆದದ್ದು ಕರಿ ಬಟ್ಟೆ ಹೊದ್ದು ನೋಡುವ ಹಾಫ್ ಪ್ಲೇಟ್ ಕ್ಯಾಮೆರಾದಲ್ಲಿ. ಆ ಪ್ಲೇಟಿನ ಅಳತೆ ಆರೂವರೆ ಇಂಚಿಗೆ ನಾಲ್ಕೂಮುಕ್ಕಾಲು ಇಂಚು, ಇಂದಿನ "ಪೂರ್ಣ" ಚೌಕಟ್ಟಿನ ಸುಮಾರು ಇಪ್ಪತ್ತಮೂರು ಪಟ್ಟು! ಸೀರೆಯ ಜರಿಯ ಎಳೆ ಎಳೆಯೂ ಇಂದಿಗೂ ಅದರಲ್ಲಿ ಎಣಿಸುವಂತಿದೆ. ಆದರೆ ಅಮ್ಮನಿಗೆ ಆ ಫೋಟೋ ಎಂದರೆ ಅಷ್ಟಕ್ಕಷ್ಟೆ. "ಅದು ನಾನಲ್ಲ ಮಾರಾಯ. ಉಸಿರು ಬಿಡಬೇಡ, ಕಣ್ಣು ಮುಚ್ಚಬೇಡ ಅಂತ ಆ ಫೋಟೋದವ ಹೆದರಿಸಿ ನಿಲ್ಲಿಸಿದ್ದ ಹುಡುಗಿ" ಎನ್ನುತ್ತಾರೆ. ಅಪ್ಪ ತೀರಿಕೊಂಡು ವರ್ಷಗಳಾದವು. ಅವರಿಬ್ಬರೂ ಒಟ್ಟಿಗೆ ಇರುವ ದೊಡ್ಡ ಚಿತ್ರ ಅದೊಂದೇ, ಅದರಲ್ಲಿ ಇಬ್ಬರೂ ಹೆದರಿಕೊಂಡು ನಿಂತಿದ್ದಾರೆ.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವನಿದ್ದೇನೆ. ಅಮ್ಮನ ನೆನಪು ಈಚೆಗೆ ಸ್ವಲ್ಪ ಸ್ವಲ್ಪವಾಗಿ ಜಾರುತ್ತಿದೆ. ಫೋನಿನಲ್ಲಿ ಒಂದೇ ಪ್ರಶ್ನೆಯನ್ನು ಎರಡು ಮೂರು ಸಲ ಕೇಳುತ್ತಾರೆ. ಮುಂದೇನು ಎಂದು ವೈದ್ಯನಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಅವರಾಗಿಯೇ ಇರುವ ಹತ್ತಾರು ಚಿತ್ರಗಳು ನನಗೆ ಬೇಕು. ಅವರು ಅವರಾಗಿರುವುದು ಅಡುಗೆಮನೆಯಲ್ಲಿ, ಸಂಜೆ ಹೊತ್ತು. ಅಲ್ಲಿ ಮಾಸಿದ ಒಂದು ಬಲ್ಬು, ಹೊಗೆ ಹಿಡಿದ ಗೋಡೆ, ಆಮೇಲೆ ದೇವರ ಮುಂದಿನ ದೀಪ. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಫ್ಲ್ಯಾಶ್ ಬೆಳಕು ಅವರಿಗೆ ಮುಳ್ಳು. "ಮಿಂಚು ಹೊಡೆದ ಹಾಗಾಗ್ತದೆ, ಸಾಕು" ಎಂದು ಮುಖ ತಿರುಗಿಸಿಬಿಡುತ್ತಾರೆ.

ಇಲ್ಲಿ ನೋಡಿ, ನನ್ನದೇ ವಾದ ನನಗೆ ತಿರುಗಿ ನಿಲ್ಲುತ್ತದೆ. ಬೆಳಕು ಇಷ್ಟು ಕಡಿಮೆ ಇರುವಾಗ ಹೆಚ್ಚು ಹನಿ ಹಿಡಿಯುವ ಬೋಗುಣಿಯೇ ಅಮ್ಮನ ಕಣ್ಣನ್ನು ಉಳಿಸುವುದಲ್ಲವೇ? ದೊಡ್ಡ ಸೆನ್ಸರ್ ಇದ್ದರೆ ಫ್ಲ್ಯಾಶ್ ಇಲ್ಲದೆ ತೆಗೆಯಬಹುದು. "ಬೆಲೆ ಯಾರು ತೆರುತ್ತಾರೆ" ಎಂಬ ಪ್ರಶ್ನೆ ಸದಾ ಚಿಕ್ಕದನ್ನೇ ಆರಿಸು ಎಂದು ಹೇಳುವುದಿಲ್ಲ. ಸರಳ ಜೀವನದ ಉಪದೇಶ ಮಾಡುವವರು ಇದನ್ನು ಮರೆಯುತ್ತಾರೆ. ಕಡಿಮೆ ಪ್ರಮಾಣದ ಸಿ.ಟಿ.ಯಲ್ಲಿ ಗಂಟು ಕಾಣದೇ ಹೋದರೆ ರೋಗಿ ವಿಕಿರಣವನ್ನೂ ಹೊತ್ತ, ರೋಗವನ್ನೂ ಹೊತ್ತ. ಅಂಥ "ಸಾಕು" ಸಾಲದು.

ಹಾಗಾಗಿ ಲೆಕ್ಕವನ್ನು ಕೊನೆಯವರೆಗೂ ಮಾಡಬೇಕು. ಸೆನ್ಸರಿನ ವಿಸ್ತೀರ್ಣದಿಂದ ಸಿಗುವುದು 2.36 ಪಟ್ಟು ಬೆಳಕು. ಲೆನ್ಸಿನ ಬಾಯಿಯನ್ನು ಎಫ್ 2.8ರಿಂದ ಎಫ್ 1.4ಕ್ಕೆ ತೆರೆದರೆ ಸಿಗುವುದು ನಾಲ್ಕು ಪಟ್ಟು. ಚಿಕ್ಕ ಸೆನ್ಸರಿಗೆಂದೇ ಮಾಡಿದ ಸಿಗ್ಮಾದ 30 ಮಿಲಿಮೀಟರ್ ಎಫ್ 1.4 ಲೆನ್ಸ್ ಒಂದಿದೆ, ತೂಕ 265 ಗ್ರಾಂ. ಜೂಮ್ ಆಗುವುದಿಲ್ಲ, ಹತ್ತಿರ ಬೇಕಾದರೆ ಎದ್ದು ಹತ್ತಿರ ಹೋಗಬೇಕು. ಅದನ್ನು ಹಾಕಿದ ಚಿಕ್ಕ ಕ್ಯಾಮೆರಾ, ಎಫ್ 2.8 ಜೂಮ್ ಹಾಕಿದ ದೊಡ್ಡ ಕ್ಯಾಮೆರಾಕ್ಕಿಂತ ಒಟ್ಟು ಬೆಳಕನ್ನು ಹೆಚ್ಚೇ ಹಿಡಿಯುತ್ತದೆ, ಸುಮಾರು 1.7 ಪಟ್ಟು. ಪುಕ್ಕಟೆಯಾಗಿ ಅಲ್ಲ. ಬಾಯಿ ಅಷ್ಟು ತೆರೆದರೆ ಸ್ಪಷ್ಟವಾಗಿ ಕಾಣುವ ಆಳ ತೀರ ಕಡಿಮೆಯಾಗುತ್ತದೆ. ಅಮ್ಮನ ಕಣ್ಣು ಸ್ಪಷ್ಟವಾದರೆ ದೋಸೆ ಹುಯ್ಯುವ ಕೈ ಮಸುಕು. ದೊಡ್ಡ ಸೆನ್ಸರಿಗೂ ಎಫ್ 1.4 ಲೆನ್ಸ್ ಹಾಕಿದರೆ ಅದು ಮತ್ತೆ ಮುಂದೆ ಹೋಗುತ್ತದೆ, ಭಾರವೂ ಅದರ ಜೊತೆ ಮುಂದೆ ಹೋಗುತ್ತದೆ. ಈ ಓಟಕ್ಕೆ ಕೊನೆಯಿಲ್ಲ. ಅಡುಗೆಮನೆಯ ಮಣೆಯ ಮೇಲೆ ಕೂತು, ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಜೊತೆ ಅವಲಕ್ಕಿ ತಿನ್ನುತ್ತ ಮಾತಾಡುವಾಗ ಅವರು ಅದನ್ನು ಮರೆಯಬೇಕು. ನನ್ನ ಕೆಲಸಕ್ಕೆ ಗಂಟು ಕಾಣುವುದು ಎಂದರೆ ಅದು. ಆದ್ದರಿಂದ ನನ್ನ ಆಯ್ಕೆ ಚಿಕ್ಕ ಸೆನ್ಸರ್.

ಆದರೆ ಯುಗಾದಿಯ ಸಾಲಿನಲ್ಲಿ ಕೇಳಿದ ಮಿತ್ರರಿಗೆ ದೊಡ್ಡದನ್ನೇ ಕೊಳ್ಳಿ ಎಂದು ಹೇಳುತ್ತೇನೆ! ಅವರ ಮಗಳು ಭರತನಾಟ್ಯ ಮಾಡುತ್ತಾಳೆ. ಬೆಳಕು ನೆಚ್ಚುವಂಥದಲ್ಲದ ರಂಗಮಂಟಪ, ಕಣ್ಣು ಮಿಟುಕಿಸುವಷ್ಟರಲ್ಲಿ ತಿರುಗುವ ಕೈಕಾಲು. ಅದನ್ನು ಹಿಡಿಯಲು ಸೆಕೆಂಡಿನ ಐನೂರನೆಯ ಒಂದು ಭಾಗದಲ್ಲಿ ಷಟರ್ ಮುಚ್ಚಬೇಕು, ಮೂವತ್ತು ಅಡಿ ದೂರದಿಂದ ಜೂಮ್ ಮಾಡಬೇಕು. ಎಫ್ 1.4ರ ಉಪಾಯ ಅಲ್ಲಿ ನಡೆಯದು. ಹನಿಗಳು ನಿಜಕ್ಕೂ ಬೇಕು. ಅಷ್ಟು ದೂರದ ಕತ್ತಲಲ್ಲಿ ಕೂತ ಕ್ಯಾಮೆರಾದ ಗಾತ್ರ ಕುಣಿಯುವ ಮಗುವಿಗೆ ಕಾಣುವುದೂ ಇಲ್ಲ. ಸುಂಕ ಕಟ್ಟುವವರು ತಂದೆಯೊಬ್ಬರೇ, ಅವರ ಭುಜ ಗಟ್ಟಿಯಾಗಿದೆ.

ನಮ್ಮವರ ಒಂದು ಸ್ವಭಾವದ ಬಗ್ಗೆಯೂ ಇಲ್ಲಿ ಹೇಳಬೇಕು. ಕೊರತೆಯಲ್ಲಿ ಬೆಳೆದು ಸಮೃದ್ಧಿಯ ದೇಶಕ್ಕೆ ಬಂದವರು ನಾವು. "ಇಷ್ಟು ದೂರ ಬಂದದ್ದು ಎರಡನೆಯ ದರ್ಜೆಯದನ್ನು ಕೊಳ್ಳಲಿಕ್ಕಾ?" ಎಂಬ ದನಿ ಒಳಗೆ ಮಾತಾಡುತ್ತಲೇ ಇರುತ್ತದೆ. ಅಂಗಡಿಯವನಿಗೂ ಅದು ಕೇಳಿಸುತ್ತದೆ. ಕಾಲೇಜಿರಲಿ, ಕಾರಿರಲಿ, ಮಗಳಿಗೆ ವರನಿರಲಿ, ಅತ್ಯುತ್ತಮವಾದದ್ದನ್ನು ತರುವುದು ನಮಗೆ ಕರ್ತವ್ಯದಂತೆ ಕಾಣುತ್ತದೆ, ಆ ಉತ್ತಮಿಕೆಯ ಕಂದಾಯವನ್ನು ಮನೆಯಲ್ಲಿ ಯಾರು ಕಟ್ಟುತ್ತಿದ್ದಾರೆ ಎಂದು ಕೇಳುವುದಿಲ್ಲ. ಕನ್ನಡದಲ್ಲಿ "ಸಾಕು" ಎಂಬ ಶಬ್ದ ಎರಡು ಕೆಲಸ ಮಾಡುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದು ಸಾಕು ಎನ್ನುತ್ತೇವೆ. ಮಗುವನ್ನು ಸಾಕಿದರು, ಸಾಕುತಾಯಿ ಎಂದೂ ಅನ್ನುತ್ತೇವೆ. ಎರಡೂ ಒಂದೇ ಬೇರಿನವೋ ಅಲ್ಲವೋ, ಅದನ್ನು ವಿದ್ವಾಂಸರಿಗೆ ಬಿಡುತ್ತೇನೆ. ಆದರೆ ಅಮ್ಮ ಬಡಿಸುವಾಗ ನಾನು ಸಾಕು ಎಂದ ಮೇಲೂ ಇನ್ನೊಂದು ಸೌಟು ಬೀಳುವುದು ಎರಡನೆಯ ಅರ್ಥದಿಂದ ಎಂದು ನನ್ನ ಗುಮಾನಿ.

ಅಡುಗೆಮನೆಗೆ ಇನ್ನೊಂದು ಬಲ್ಬು ಹಾಕಿಸಿದರೆ ಕ್ಯಾಮೆರಾದ ಚರ್ಚೆಯೇ ಬೇಡವಲ್ಲ ಎಂದು ನನ್ನ ಹೆಂಡತಿ ಹೇಳಿದಳು. ತಮ್ಮನಿಗೆ ಫೋನ್ ಮಾಡಿ ವಿಚಾರಿಸಿದೆ. ಅವನು ಹೋದ ವರ್ಷವೇ ಬಿಳಿಯ ಟ್ಯೂಬ್‌ಲೈಟ್ ಹಾಕಿಸಿದ್ದನಂತೆ. ಕಣ್ಣಿಗೆ ಚುಚ್ಚುತ್ತದೆಂದು ಅಮ್ಮ ಅದನ್ನು ಹೊತ್ತಿಸುವುದೇ ಇಲ್ಲವಂತೆ.